ಕುಲುಕಾಟ ನಿಂತರೆ ಹೊಳೆನರಸೀಪುರ

"ಕಣ್ಣು ಮುಚ್ಚಿಕೊಂಡು ಕೂತಿದ್ರೂ ನಮ್ಮ ತಾಲ್ಲೂಕು ಬಂದದ್ದು ಗೊತ್ತಾಗುತ್ತೆ ಕಣೋ. ಬಸ್ಸು ಕುಲುಕೋದು ನಿಂತುಬಿಡುತ್ತೆ" ಎಂದು ಗೆಳೆಯ ಯಾವಾಗಲೋ ಹೇಳಿದ್ದ. ಅವನು ಹೊಳೆನರಸೀಪುರದ ಕಡೆಯವನು. ಹೆಮ್ಮೆಗೆ ಹೇಳಿದನೋ ಗೇಲಿಗೆ ಹೇಳಿದನೋ ತಿಳಿಯಲಿಲ್ಲ. ಹಾಸನಾಂಬೆಯ ಬಾಗಿಲು ಮುಚ್ಚಿ, ಊರಿನ ನೂಕುನುಗ್ಗಲು ಇಳಿದ ಮೇಲೆ ಒಂದು ದಿನ ರಜೆ ಹಾಕಿ ಹೊರಟೆ. ಬೇಲೂರು, ಹಳೇಬೀಡು ನೋಡಿಯಾಗಿತ್ತು. ಈ ಸಲ ನೋಡಬೇಕು ಅನ್ನಿಸಿದ್ದು ಮಾಜಿ ಪ್ರಧಾನಿ ದೇವೇಗೌಡರ ಮಗ ಎಚ್.ಡಿ. ರೇವಣ್ಣನವರ ಊರು. ದೇವಸ್ಥಾನ ನೋಡೋಕೆ ಹೋಗ್ತೀವಿ, ಜಲಪಾತ ನೋಡೋಕೆ ಹೋಗ್ತೀವಿ. ಒಂದು ಕುಟುಂಬದ ರಾಜಕಾರಣ ನೆಲದ ಮೇಲೆ ಹೇಗೆ ಕಾಣುತ್ತೆ ಅಂತ ನೋಡೋಕೆ ಹೋಗಬಾರದಾ?

ಯಶವಂತಪುರದಲ್ಲಿ ರೈಲು ಹತ್ತಿದೆ. ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲೆ ಹೋಗುವ ದಾರಿ. ಈ ಹಳಿಯೇ ಕುಟುಂಬದ ಕಥೆಯ ಒಂದು ತುಂಡು. ದೇವೇಗೌಡರು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದರಲ್ಲ, ಆಗ ಮಂಜೂರಾದದ್ದು ಇದು. ಬೆಂಗಳೂರಿನಿಂದ ಹಾಸನಕ್ಕೆ ಪೂರ್ತಿ ರೈಲು ಓಡಿದ್ದು 2017ರ ಮಾರ್ಚಿನಲ್ಲಿ. ಮಂಜೂರಾದ ವರ್ಷ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಡಿಗ್ರಿಗೆ ಬಂದಿತ್ತು. ಕಿಟಕಿಯಾಚೆ ತೆಂಗು, ರಾಗಿ ಹೊಲ, ಮತ್ತೆ ತೆಂಗು. ಎದುರಿಗೆ ಕೂತ ಅಜ್ಜಿ ಶ್ರವಣಬೆಳಗೊಳದ ಬೆಟ್ಟ ಕಂಡದ್ದೇ ಕೈಮುಗಿದು, ಮತ್ತೆ ಕಡಲೆಕಾಯಿ ಬಿಡಿಸೋಕೆ ಕೂತರು.

ಹಾಸನದಲ್ಲಿ ಇಳಿದು ಮೊದಲು ತಟ್ಟೆ ಇಡ್ಲಿ ತಿಂದೆ. ಆಮೇಲೆ ಸುಮ್ನೆ ಒಂದು ಸುತ್ತು. ಆಟೋದವರಿಗೆ "ಎಲ್.ವಿ. ಪಾಲಿಟೆಕ್ನಿಕ್" ಎಂದರೆ ಸಾಕು. ಹರದನಹಳ್ಳಿಯ ರೈತನ ಮಗ ದೇವೇಗೌಡರು ಸಿವಿಲ್ ಡಿಪ್ಲೊಮಾ ಓದಿದ್ದು ಅಲ್ಲೇ. ನಂತರ ವೈದ್ಯಕೀಯ ಕಾಲೇಜಿನ ಕಡೆ ಹೋದೆ. ಅದು ಶುರುವಾದದ್ದು 2006ರಲ್ಲಿ. ಆಗ ತಮ್ಮ ಕುಮಾರಸ್ವಾಮಿ ಮುಖ್ಯಮಂತ್ರಿ, ಅಣ್ಣ ರೇವಣ್ಣ ಸಚಿವ. ಎರಡೂ ಗೇಟಿನ ಮುಂದೆ ನಿಂತಾಗ ನನಗೊಂದು ಅನ್ನಿಸಿತು. ಅಪ್ಪ ಈ ಊರಲ್ಲಿ ಓದಿ ಹೊರಗೆ ಹೋದರು. ಮಗ ಇಲ್ಲೇ ಉಳಿದು, ಹೊರಗಿನದನ್ನೆಲ್ಲ ಇಲ್ಲಿಗೆ ಎಳೆದು ತಂದರು. ಎಲ್ಲವೂ ಬಂತು ಅಂತಲ್ಲ. 2007ರಲ್ಲಿ ಅಡಿಗಲ್ಲು ಬಿದ್ದ ಹಾಸನದ ವಿಮಾನ ನಿಲ್ದಾಣದಿಂದ ಇನ್ನೂ ಒಂದು ವಿಮಾನವೂ ಹಾರಿಲ್ಲ. ಆಟೋದವರು ಅದನ್ನೂ ತೋರಿಸ್ತೀನಿ ಬನ್ನಿ ಸಾರ್ ಎಂದರು. ನಾನು ಬೇಡ ಎಂದೆ.

ಹೊಳೆನರಸೀಪುರದ ಬಸ್ಸು ಹತ್ತಿ, ಗೆಳೆಯನ ಮಾತು ಪರೀಕ್ಷೆ ಮಾಡೋಣ ಅಂತ ಕಣ್ಣು ಮುಚ್ಚಿದೆ. ಇಡ್ಲಿಯ ಮಹಿಮೆಯೋ ಬೆಳಗಿನ ಜಾವ ಎದ್ದದ್ದೋ, ನಿದ್ದೆ ಬಂದುಬಿಟ್ಟಿತು. ಕಂಡಕ್ಟರ್ ತೋಳು ಅಲ್ಲಾಡಿಸಿ, "ಇಳೀರಿ ಸಾರ್, ಎಚ್.ಎನ್. ಪುರ" ಎಂದಾಗಲೇ ಎಚ್ಚರ. ಪರೀಕ್ಷೆ ಕೆಟ್ಟಿತು. ಅಥವಾ ಅಷ್ಟು ಚೆನ್ನಾಗಿ ನಿದ್ದೆ ಬಂದದ್ದೇ ಉತ್ತರ ಅಂತಲೂ ಹೇಳಬಹುದು.

ಗೆಳೆಯನ ಸೋದರಮಾವ ಸ್ಕೂಟರ್ ತಂದು ಕಾಯುತ್ತಿದ್ದರು. ಅರವತ್ತು ದಾಟಿದವರು. ಹೆಗಲ ಮೇಲೆ ಟವೆಲ್, ಜೇಬಲ್ಲಿ ಎರಡು ಪೆನ್ನು. "ಬಾರಪ್ಪ, ಮೊದ್ಲು ಸ್ವಾಮಿ ನೋಡ್ಕೊಂಡು ಬರಣ" ಎಂದು ಸೀದಾ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಹೊಳೆ ಎಂದರೆ ಹೇಮಾವತಿ, ನರಸೀಪುರ ಎಂದರೆ ಈ ನರಸಿಂಹ. ಊರಿನ ಹೆಸರಲ್ಲೇ ಎರಡೂ ಇವೆ.

ಅಲ್ಲಿಂದ ಹರದನಹಳ್ಳಿಗೆ. ದಾರಿಯುದ್ದಕ್ಕೂ ಮಾವ ತಿರುಗಿ ತಿರುಗಿ ಮಾತಾಡುತ್ತಿದ್ದರು. ನನಗೆ ಮುಂದಿನ ರಸ್ತೆಯದೇ ಭಯ. ಆದರೆ ಅವರ ಬಾಯಲ್ಲಿ ಇಸವಿಗಳು ಹಬ್ಬದ ಹೆಸರಿನ ಹಾಗೆ ಬರುತ್ತಿದ್ದವು. 1962, ದೊಡ್ಡಗೌಡರು, ಅಂದರೆ ದೇವೇಗೌಡರು, ಕಾಂಗ್ರೆಸ್ ಬಿಟ್ಟು ಪಕ್ಷೇತರರಾಗಿ ನಿಂತು ಗೆದ್ದ ವರ್ಷ. ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೊಳೆನರಸೀಪುರ ಅವರನ್ನು ಬಿಡಲಿಲ್ಲ. 1975ರ ತುರ್ತು ಪರಿಸ್ಥಿತಿ, ಜೈಲು. 1989, ಸೋಲು. ಸೋಲಿಸಿದವರು ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರು. ಈ ಹೆಸರು ಬಂದಾಗ ಮಾವ ಸ್ಕೂಟರಿನ ವೇಗ ಇಳಿಸಿದರು. "ಈ ತಾಲ್ಲೂಕಲ್ಲಿ ಎರಡೇ ಮನೆ ಕಣಪ್ಪ. ಒಂದು ಇವ್ರದು, ಇನ್ನೊಂದು ಅವ್ರದು. ಮಿಕ್ಕೋರೆಲ್ಲ ನಮ್ಮಂಗೆ, ಇಬ್ರ ಮದುವೇಗೂ ಹೋಗಿ ಊಟ ಮಾಡೋರು."

ರೇವಣ್ಣನವರ ಲೆಕ್ಕ 1994ರಿಂದ ಶುರು. ಆ ಚುನಾವಣೆಯಲ್ಲೇ ಅಪ್ಪ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು. ಮಗ ಅಪ್ಪನ ಹಳೆಯ ಕ್ಷೇತ್ರ ಹಿಡಿದರು. 1999ರಲ್ಲಿ ಇಬ್ಬರಿಗೂ ಒಟ್ಟಿಗೇ ಏಟು. ಹಾಸನ ಲೋಕಸಭೆಯಲ್ಲಿ ದೇವೇಗೌಡರನ್ನು ಸೋಲಿಸಿದ್ದು ಮತ್ತೆ ಅದೇ ಪುಟ್ಟಸ್ವಾಮಿಗೌಡರು. ಹೊಳೆನರಸೀಪುರದಲ್ಲಿ ರೇವಣ್ಣನೂ ಸೋತರು. ಆಮೇಲೆ ಮಾತ್ರ 2004, 2008, 2013, 2018, 2023, ಐದು ಸಲ ಬಿಡದೆ ಗೆಲುವು. ನಡುವೆ ಲೋಕೋಪಯೋಗಿ ಖಾತೆ, ಇಂಧನ ಖಾತೆ. ತಮ್ಮ ಎರಡು ಸಲ ಮುಖ್ಯಮಂತ್ರಿಯಾದರೂ, ಎರಡು ವರ್ಷ ದೊಡ್ಡವರಾದ ಅಣ್ಣ ಆ ಕುರ್ಚಿ ಹತ್ತಲಿಲ್ಲ. ಹೊಟ್ಟೆ ಉರಿಯಲಿಲ್ಲವಾ ಎಂದು ಮಾವನನ್ನು ಕೇಳಿದೆ. "ಅವ್ರಿಗೆ ಪಿಡಬ್ಲ್ಯೂಡಿ ಇದ್ರೆ ಸಾಕು" ಎಂದು ನಕ್ಕರು.

ನಗು ಸುಮ್ನೆ ಅಲ್ಲ. ಹಳ್ಳಿಯ ಜನಕ್ಕೆ ಮುಖ್ಯಮಂತ್ರಿ ಟಿವಿಯಲ್ಲಿ ಕಾಣುತ್ತಾರೆ, ಲೋಕೋಪಯೋಗಿ ಸಚಿವ ಕಾಲಡಿ ಕಾಣುತ್ತಾರೆ. ನಾವು ಹೋಗುತ್ತಿದ್ದ ದಾರಿಯಲ್ಲಿ ಮೋರಿ, ಸೇತುವೆ, ಬಿಳಿ ಪಟ್ಟಿ, ತಿರುವಿಗೆ ಮೊದಲು ಬೋರ್ಡು, ಎಲ್ಲ ಇದ್ದವು. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಇದರಲ್ಲಿ ಅರ್ಧವೂ ಇಲ್ಲ. ಒಂದೆರಡು ಕಡೆ ಸ್ಕೂಟರಿಗಿಂತ ಹೆಚ್ಚು ಗಾಡಿ ಓಡದ ಜಾಗಕ್ಕೂ ಅಗಲದ ರಸ್ತೆ. ನನಗೆ ಸಂಕಟವೂ ಆಯಿತು. ಇಡೀ ರಾಜ್ಯದ ಖಾತೆ ಇಟ್ಟುಕೊಂಡವರು ಒಂದು ಜಿಲ್ಲೆಗೆ ಇಷ್ಟು ಬಡಿಸಿದರೆ, ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ಏನು ಉಳಿಯಿತು? ಮಾವನಿಗೆ ಇದು ಪ್ರಶ್ನೆಯೇ ಅಲ್ಲ. "ಬೇರೆಯೋರು ಅವ್ರವ್ರ ಊರಿಗೆ ಮಾಡ್ಕೊಳ್ಳಿ, ಯಾರು ಬ್ಯಾಡ ಅಂದೋರು?"

2018ರಲ್ಲಿ ಮತ್ತೆ ಆ ಖಾತೆ ಸಿಕ್ಕಾಗ ರೇವಣ್ಣ ದಿನವೂ ಹೊಳೆನರಸೀಪುರದಿಂದ ಬೆಂಗಳೂರಿಗೆ ಹೋಗಿ ಬರುತ್ತಾರೆ, ಅದು ಜ್ಯೋತಿಷಿಗಳ ಸಲಹೆ ಎಂದು ಪತ್ರಿಕೆಗಳು ಬರೆದಿದ್ದವು. ಹೋಗಿ ಬರಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಕೈಯಲ್ಲಿ ನಿಂಬೆಹಣ್ಣು ಹಿಡಿದ ಅವರ ಫೋಟೊ ನೋಡದವರು ಯಾರು? ನಾವೂ ನಕ್ಕಿದ್ದೇವೆ. ಮಾವ ಮಾತ್ರ ನಗಲಿಲ್ಲ. ಅವರ ಸ್ಕೂಟರಿನ ಹ್ಯಾಂಡಲ್ಲಿಗೂ ಒಂದು ನಿಂಬೆಹಣ್ಣು, ಎರಡು ಹಸಿಮೆಣಸಿನಕಾಯಿ ಕಟ್ಟಿತ್ತು.

ಹರದನಹಳ್ಳಿಯಲ್ಲಿ ಏನೋ ದೊಡ್ಡದು ಕಾಣುತ್ತದೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಹೆಂಚಿನ ಮನೆ, ಆರ್‌ಸಿಸಿ ಮನೆ, ತಿಪ್ಪೆ, ಬಣವೆ, ಈಶ್ವರ ದೇವಸ್ಥಾನ. ಇಂಥ ಊರಿನಿಂದ ಒಬ್ಬರು ಪ್ರಧಾನಿ, ಇಬ್ಬರು ಮುಖ್ಯಮಂತ್ರಿ. ದೇವಸ್ಥಾನದ ಜಗಲಿಯಲ್ಲಿ ಕೂತಿದ್ದ ಇಬ್ಬರು ನನ್ನನ್ನು ಟಿವಿಯವನು ಎಂದುಕೊಂಡು ಎದ್ದು ಹೋದರು. 2024ರಿಂದ ಹಿಂಗೇ, ಹೊಸಬರು ಬಂದರೆ ಮಾತು ನಿಲ್ಲುತ್ತದೆ ಎಂದರು ಮಾವ.

ಆ ವಿಷಯ ಬರಲೇಬೇಕಿತ್ತು, ಬಂತು. 2019ರಲ್ಲಿ ದೇವೇಗೌಡರು ಹಾಸನವನ್ನು ಮೊಮ್ಮಗ, ರೇವಣ್ಣನವರ ಮಗ ಪ್ರಜ್ವಲ್‌ಗೆ ಬಿಟ್ಟುಕೊಟ್ಟು ತುಮಕೂರಿಗೆ ಹೋಗಿ ಸೋತರು. ಮೊಮ್ಮಗ ಗೆದ್ದ. 2024ರ ಏಪ್ರಿಲ್ 26ರ ಮತದಾನದ ಆಸುಪಾಸಿನಲ್ಲೇ ಪ್ರಜ್ವಲ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ, ವಿಡಿಯೊಗಳ ಸುದ್ದಿ ಹೊರಬಿತ್ತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣವೊಂದರಲ್ಲಿ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು. 2024ರ ಆ ಚುನಾವಣೆಯಲ್ಲಿ ಪ್ರಜ್ವಲ್‌ರನ್ನು ಸೋಲಿಸಿ ಲೋಕಸಭೆಗೆ ಗೆದ್ದವರು ಶ್ರೇಯಸ್ ಪಟೇಲ್. ಯಾರು ಅಂದರೆ ಪುಟ್ಟಸ್ವಾಮಿಗೌಡರ ಮೊಮ್ಮಗ. ಅಂತರ 42 ಸಾವಿರಕ್ಕೂ ಹೆಚ್ಚು. ಅದಕ್ಕೆ ಒಂದು ವರ್ಷ ಮೊದಲು ವಿಧಾನಸಭೆಯಲ್ಲಿ ಇದೇ ಹುಡುಗ ರೇವಣ್ಣನವರನ್ನು ಸುಮಾರು ಮೂರು ಸಾವಿರ ಮತದ ಹತ್ತಿರಕ್ಕೆ ತಂದು ನಿಲ್ಲಿಸಿದ್ದರು. ರಸ್ತೆ ಅಷ್ಟೇ ಚೆನ್ನಾಗಿತ್ತು. ಆದರೂ ಜನ ಪಕ್ಕಕ್ಕೆ ಸರಿಯೋಕೆ ಶುರು ಮಾಡಿದ್ದರು. ಮಾವ ಇದನ್ನೆಲ್ಲ ಹೇಳುವಾಗ ದನಿ ತಗ್ಗಿಸಿದ್ದರು. "ಹೆಣ್ಮಕ್ಳ ವಿಚಾರ ಕಣಪ್ಪ. ನಮ್ಮನೇಲಿ ನಿಮ್ಮತ್ತೆ ಒಂದು ವಾರ ಟಿವಿ ಹಾಕೋಕೆ ಬಿಡಲಿಲ್ಲ" ಎಂದಷ್ಟೇ ಹೇಳಿ ಸ್ಕೂಟರ್ ಒದ್ದರು.

ಮಾವಿನಕೆರೆ ಬೆಟ್ಟದ ರಂಗನಾಥಸ್ವಾಮಿಯನ್ನೂ ನೋಡಿದೆವು. ರೇವಣ್ಣನವರ ಕುಟುಂಬ ಮತ್ತೆ ಮತ್ತೆ ಬರುವ ಜಾಗ. ಮೇಲೆ ಗಾಳಿ ಚೆನ್ನಾಗಿತ್ತು.

ನನಗೆ ಇಡೀ ದಿನದಲ್ಲಿ ಹೆಚ್ಚು ಹಿಡಿಸಿದ್ದು ಸಂಜೆ ಮಾವನ ಊರಿನ ಡೈರಿ. ಐದೂವರೆಗೆಲ್ಲ ಹೆಂಗಸರು ಸ್ಟೀಲ್ ಕ್ಯಾನು ಹಿಡಿದು ಸಾಲು ನಿಂತಿದ್ದರು. ಕಾರ್ಯದರ್ಶಿ ಹಾಲು ತೂಗಿ, ಚೂರು ತೆಗೆದು ಮಿಷನ್ನಿಗೆ ಇಡುತ್ತಾನೆ. ಫ್ಯಾಟ್ ಬರುತ್ತದೆ, ಡಿಗ್ರಿ ಬರುತ್ತದೆ, ಚೀಟಿ ಬರುತ್ತದೆ. ಚೀಟಿ ನೋಡಿ ಒಬ್ಬಾಕೆ ಮುಖ ಸಿಂಡರಿಸಿ, "ನಿನ್ನೆ ಇದೇ ಹಸ, ಇದೇ ಹುಲ್ಲು. ಇವತ್ಯಾಕ್ ಕಮ್ಮಿ ಬಂತು?" ಎಂದು ಜಗಳಕ್ಕೆ ನಿಂತಳು. ರೇವಣ್ಣ ಕೆಎಂಎಫ್, ಅಂದರೆ ರಾಜ್ಯದ ಹಾಲು ಮಹಾಮಂಡಳದ ಅಧ್ಯಕ್ಷರಾಗಿದ್ದವರು, ಹಾಸನ ಹಾಲು ಒಕ್ಕೂಟದ ಅಧ್ಯಕ್ಷಗಿರಿಯನ್ನೂ ವರ್ಷಗಟ್ಟಲೆ ಹಿಡಿದವರು. ಅದರ ಅರ್ಥ ನನಗೆ ಇಲ್ಲಿ ನಿಂತಾಗ ಹೊಳೆಯಿತು. ಓಟು ಐದು ವರ್ಷಕ್ಕೊಮ್ಮೆ. ಹಾಲು ದಿನಕ್ಕೆ ಎರಡು ಸಲ. ಡೈರಿಯ ಚುನಾವಣೆ, ಸೊಸೈಟಿಯ ಸಾಲ, ಹಾಲಿನ ರೇಟು, ಮಗನಿಗೆ ಒಕ್ಕೂಟದಲ್ಲೊಂದು ಕೆಲಸದ ಆಸೆ. ಇವೆಲ್ಲ ಒಂದೇ ಮನೆಯ ಜಗಲಿಗೆ ಹೋಗಿ ಸೇರುವುದಾದರೆ, ವಿಧಾನಸೌಧದಲ್ಲಿ ಯಾವ ಸರ್ಕಾರ ಇದ್ದರೂ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಕಮ್ಮಿ ಆಗಲ್ಲ.

ರಾತ್ರಿ ಊಟಕ್ಕೆ ಮಾವನ ಮನೆಗೆ ಹೊರಟೆವು. ಟಾರು ರಸ್ತೆ ಬಿಟ್ಟು ಎಡಕ್ಕೆ ತಿರುಗಿದ್ದೇ ತಡ, ಸ್ಕೂಟರ್ ಸರ್ರನೆ ಜಾರಿತು. ಹಿಂದಿನ ದಿನ ಮಳೆ ಬಂದಿತ್ತು. ಇಬ್ಬರೂ ಬೀಳಲಿಲ್ಲ, ಆದರೆ ನನ್ನ ಬೂಟು ಮೊಣಕಾಲಿನವರೆಗೂ ಪ್ಯಾಂಟನ್ನು ಕರೆದುಕೊಂಡು ಕೆಸರಿಗೆ ಇಳಿಯಿತು. ಇನ್ನೂರು ಹೆಜ್ಜೆ ಇರಬಹುದು ಆ ಗಲ್ಲಿ. ಪೂರ್ತಿ ಮಣ್ಣು. ಮಾವ ಸ್ಕೂಟರ್ ತಳ್ಳಿಕೊಂಡು, ಏನೂ ಆಗದವರ ಹಾಗೆ ಮುಂದೆ ನಡೆದರು.

ಅತ್ತೆ ಬಾಗಿಲಲ್ಲೇ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದರು. ನನ್ನ ಕಾಲು ನೋಡಿ ಗಂಡನ ಮೇಲೆ ಹರಿಹಾಯ್ದರು. "ಮೂವತ್ತು ವರ್ಷದಿಂದ ಅವ್ರ ಹಿಂದೆ ಬಾವುಟ ಹಿಡ್ಕೊಂಡು ಸುತ್ತುದ್ರಲ್ಲ, ಒಂದ್ ದಿವ್ಸ ಈ ರಸ್ತೆ ಕೇಳಕ್ಕಾಗಲಿಲ್ವಾ?"

"ಕೇಳಿದ್ರೆ ಮಾಡ್ಕೊಡ್ತಾರೆ ಕಣೆ" ಎಂದರು ಮಾವ, ಟವೆಲಿನಿಂದ ಕಾಲು ಒರೆಸಿಕೊಳ್ಳುತ್ತಾ. "ನಾನೇ ಕೇಳಿಲ್ಲ."

"ಯಾಕೆ?" ಎಂದೆ ನಾನು.

ಅವರು ಉತ್ತರ ಕೊಡಲಿಲ್ಲ. ಅತ್ತೆ ಒಳಗಿಂದ, "ಮುದ್ದೆ ಆರ್‍ತದೆ, ಬನ್ನಿ" ಎಂದು ಕೂಗಿದರು.