ಪೆನ್ಸಿಲ್ ಹಿಡಿದು ಬೇಸ್‌ಬಾಲ್: ಅಪ್ಪ–ಮಗಳ 2025ರ ಸ್ಕೋರ್ ಪುಸ್ತಕ

ಈ ವರ್ಷ ನಾವಿಬ್ಬರೂ ಹಾಕಿಕೊಂಡ ನಿಯಮ ಇಷ್ಟೇ: ಕಾಲೇಜು ಪಂದ್ಯ, ಇಲ್ಲವೇ ಮೈನರ್ ಲೀಗ್ (ಮೇಜರ್ ಲೀಗ್ ತಂಡಗಳಿಗೆ ಆಟಗಾರರು ಪಳಗುವ ಕೆಳಹಂತ) ಪಂದ್ಯ. ಹೋದ ಪಂದ್ಯವನ್ನು ಮೊದಲ ಎಸೆತದಿಂದ ಕೊನೆಯ ಔಟ್‌ವರೆಗೆ ಪುಸ್ತಕಕ್ಕೆ ಇಳಿಸಬೇಕು. ಬರೆಯುವವಳು ಮಗಳು, ಪೆನ್ಸಿಲ್ ಚೂಪು ಮಾಡುವುದು, ಕಡಲೆಕಾಯಿ ಸುಲಿಯುವುದು ನನ್ನ ಪಾಲು. ನಾವಿರುವ ನಾರ್ತ್ ಕ್ಯಾರೊಲೈನಾದಲ್ಲಿ ಮೇಜರ್ ಲೀಗ್ ತಂಡವೇ ಇಲ್ಲ. ಅದರ ಬದಲು ಕಾರಿನಲ್ಲಿ ಹೋಗಿ ರಾತ್ರಿ ಊಟಕ್ಕೆ ವಾಪಸಾಗುವಷ್ಟು ದೂರದಲ್ಲಿ ಸಣ್ಣ ಮೈದಾನಗಳು ಹೇರಳವಾಗಿವೆ: ಡರ್ಹಮ್, ಚಾಪೆಲ್ ಹಿಲ್, ರಾಲಿ, ಜೆಬ್ಯುಲನ್. ಕೈಗೆ ಸಿಗದ ದ್ರಾಕ್ಷಿಯನ್ನು ಹುಳಿ ಎನ್ನುತ್ತಿದ್ದೇನೆ ಎಂದು ಯಾರಾದರೂ ಅಂದರೆ ಅನ್ನಲಿ. ಮೂರನೇ ಸಾಲಿನಲ್ಲಿ ಕೂತು ಕ್ಯಾಚರ್ ಗೊಣಗುವುದನ್ನು ಕೇಳಿಸಿಕೊಂಡವರಿಗೆ ದೊಡ್ಡ ಮೈದಾನದ ಮೇಲಂತಸ್ತು ಮತ್ತೆ ರುಚಿಸುವುದಿಲ್ಲ.

ಫೆಬ್ರವರಿ, ಚಾಪೆಲ್ ಹಿಲ್

ಕಾಲೇಜು ಬೇಸ್‌ಬಾಲ್ ಶುರುವಾಗುವುದು ಫೆಬ್ರವರಿ ನಡುವಿನಲ್ಲಿ. ಬೇಸಿಗೆಯ ಆಟವೆಂದು ಹೆಸರು, ಆದರೆ ನಾವು ಉಣ್ಣೆಯ ಟೊಪ್ಪಿ, ಕೈಗವಸು, ಫ್ಲಾಸ್ಕಿನಲ್ಲಿ ಕಾಫಿ ಎಲ್ಲವನ್ನೂ ಹೊಂದಿಸಿಕೊಂಡು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಬೋಶಮರ್ ಮೈದಾನಕ್ಕೆ ಹೋದೆವು. ಕೈಗವಸು ಹಾಕಿಕೊಂಡು ಸ್ಕೋರ್ ಬರೆಯಲಾಗುವುದಿಲ್ಲ ಎಂಬುದು ಮೊದಲ ಇನಿಂಗ್ಸ್‌ನಲ್ಲೇ ತಿಳಿಯಿತು.

ಅಂಕಿಗಳ ಭಾಷೆ ಅವಳಿಗೆ ಬೇಗ ಹತ್ತಿತು. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಅದನ್ನು ಹಿಡಿಯುವ ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಎರಡನೇ–ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಎಡದಿಂದ ಬಲಕ್ಕೆ ಹೊರಮೈದಾನದವರು 7, 8, 9. ಒಂದು ಶುಕ್ರವಾರ, ಒಂದು ಔಟ್ ಆಗಿತ್ತು, ಮೊದಲ ಬೇಸ್‌ನಲ್ಲಿ ಒಬ್ಬ ಓಟಗಾರನಿದ್ದ. ಚೆಂಡು ನೆಲ ಕಚ್ಚಿಕೊಂಡು ಶಾರ್ಟ್‌ಸ್ಟಾಪ್ ಕಡೆಗೆ ಓಡಿತು. ಅವನು ಬಾಗಿ ಎತ್ತಿ, ನೆಟ್ಟಗಾಗುವ ಗೋಜಿಗೇ ಹೋಗದೆ ಎರಡನೇ ಬೇಸ್‌ನವನಿಗೆ ಚಿಮ್ಮಿಸಿದ. ಇವನು ಕಾಲಡಿಗೆ ಜಾರಿ ಬರುತ್ತಿದ್ದ ಓಟಗಾರನ ಮೇಲಿಂದ ನೆಗೆಯುತ್ತಲೇ ಮೊದಲ ಬೇಸ್‌ಗೆ ಎಸೆದ. ಎರಡು ಔಟ್. ಸುತ್ತಲಿದ್ದವರೆಲ್ಲ ಎದ್ದು ನಿಂತು ಕೂಗುತ್ತಿದ್ದಾಗ ಮಗಳು ಮಾತ್ರ ತಲೆ ತಗ್ಗಿಸಿ ‘6-4-3’ ಎಂದು ಬರೆದು, ಕೆಳಗೊಂದು ಗೆರೆ ಎಳೆದು, ಆಮೇಲೆ ಎದ್ದು ಕೂಗಿದಳು.

ಹಾಸನದಲ್ಲಿ ಓದುತ್ತಿದ್ದಾಗ ತಾಲ್ಲೂಕು ಮಟ್ಟದ ಕ್ರಿಕೆಟ್ ಪಂದ್ಯಗಳಿಗೆ ನಾನೇ ಸ್ಕೋರ್ ಬರೆಯುತ್ತಿದ್ದೆ. ಹಾಗಾಗಿ ಈ ಕೆಲಸದ ಮೂಲಪುರುಷ ಹೆನ್ರಿ ಚಾಡ್ವಿಕ್ ಕ್ರಿಕೆಟ್‌ನಿಂದಲೇ ಬಂದವನು ಎಂದು ತಿಳಿದಾಗ ಖುಷಿಯಾಯಿತು. 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಕ್ರಿಕೆಟ್ ವರದಿಗಾರನಾಗಿದ್ದ ಅವನೇ ಬೇಸ್‌ಬಾಲ್‌ಗೆ ಇಂಥ ಲೆಕ್ಕಪತ್ರದ ಶಿಸ್ತು ತಂದವನು. ಸ್ಟ್ರೈಕ್‌ಔಟ್‌ಗೆ (ಬೀಸಿ ತಪ್ಪಿದ ಇಲ್ಲವೇ ಹೊಡೆಯಬಹುದಾಗಿದ್ದ ಎಸೆತ ಬಿಟ್ಟ ಮೂರು ಸ್ಟ್ರೈಕ್‌ಗಳಿಗೆ ಬ್ಯಾಟರ್ ಔಟಾಗುವುದು) ಇಂಗ್ಲಿಷಿನ ‘ಕೆ’ ಬರೆಯುವ ರೂಢಿಯೂ ಅವನದೇ. ಬ್ಯಾಟ್ ಬೀಸದೆ ನೋಡುತ್ತ ನಿಂತು ಔಟಾದವನಿಗೆ ಅದೇ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾರೆ. ಹಾಗೆ ಬರೆಯುವಾಗ ಮಗಳ ಮುಖದಲ್ಲಿ ಸ್ವಲ್ಪ ತಾತ್ಸಾರ ಕಾಣಿಸುತ್ತದೆ. ಬೀಸದೆ ನಿಂತವನನ್ನು ಅವಳು ಕ್ಷಮಿಸುವುದಿಲ್ಲ.

ಮಾರ್ಚ್

ಕಾಲೇಜಿನವರದು ಲೋಹದ ಬ್ಯಾಟು, ಮೈನರ್ ಲೀಗಿನವರದು ಮರದ್ದು. ಲೋಹದ ಬ್ಯಾಟಿಗೆ ಚೆಂಡು ತಗುಲಿದರೆ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಕೈಜಾರಿ ಬಿದ್ದ ಸದ್ದು. ತಿಂಗಳ ಕೊನೆಯಲ್ಲಿ ಡರ್ಹಮ್‌ನ ಮೊದಲ ಪಂದ್ಯಕ್ಕೆ ಹೋದಾಗ ಮರದ ಬ್ಯಾಟಿನ ಗಡುಸಾದ ‘ಟಕ್’ ಕೇಳಿ ಮಗಳು ತಲೆಯೆತ್ತಿ ನೋಡಿದಳು. ಕಣ್ಣು ಪುಸ್ತಕದ ಮೇಲಿದ್ದರೂ ಸರಿಯಾಗಿ ತಗುಲಿದ ಹೊಡೆತ ಯಾವುದು, ಅಂಚಿಗೆ ಸವರಿದ್ದು ಯಾವುದು ಎಂಬುದನ್ನು ಈಗ ಅವಳ ಕಿವಿಯೇ ಹೇಳುತ್ತದೆ.

ಕಾಲೇಜು ತಂಡಗಳ ಬಗ್ಗೆ ಒಂದು ಅಧಿಕಪ್ರಸಂಗ. 2025ರವರೆಗೂ ಮೇಲ್ದರ್ಜೆಯ ಒಂದು ಬೇಸ್‌ಬಾಲ್ ತಂಡಕ್ಕೆ ಕೊಡಬಹುದಾಗಿದ್ದ ವಿದ್ಯಾರ್ಥಿವೇತನಗಳು ಗರಿಷ್ಠ 11.7. ಹೌದು, ದಶಮಾಂಶ ಸಮೇತ. ಅದನ್ನೇ ಚೂರು ಚೂರು ಮಾಡಿ ಹುಡುಗರಿಗೆ ಹಂಚುತ್ತಿದ್ದರು. ಅಂದರೆ ನಮ್ಮೆದುರು ಆಡುತ್ತಿದ್ದವರಲ್ಲಿ ಹಲವರು ಶುಲ್ಕದ ಉಳಿದ ಭಾಗವನ್ನು ಮನೆಯಿಂದ ತಂದು ಕಟ್ಟುತ್ತಿದ್ದವರು. ‘ಅಮೆರಿಕದಲ್ಲಿ ಆಟ ಬಂದರೆ ಓದು ಪುಕ್ಕಟೆ’ ಎನ್ನುವ ನಮ್ಮ ಬಂಧುಬಳಗಕ್ಕೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಏಪ್ರಿಲ್, ಡರ್ಹಮ್

ಡರ್ಹಮ್ ಬುಲ್ಸ್ ಟ್ರಿಪಲ್-ಎ ತಂಡ, ಅಂದರೆ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ. 1998ರಿಂದ ಮೇಜರ್ ಲೀಗ್‌ನ ಟ್ಯಾಂಪಾ ಬೇ ರೇಸ್ ತಂಡದ ಜೊತೆ ಇದರ ನಂಟು. ಎಡಬದಿಗೆ 32 ಅಡಿ ಎತ್ತರದ ನೀಲಿ ಗೋಡೆ, ಅದರ ಮೇಲೊಂದು ಗೂಳಿಯ ಫಲಕ. ನಮ್ಮವರು ಹೋಮ್ ರನ್ ಹೊಡೆದರೆ ಗೂಳಿಯ ಕಣ್ಣು ಕೆಂಪಾಗುತ್ತದೆ, ಬಾಲ ಆಡುತ್ತದೆ, ಮೂಗಿನಿಂದ ಹೊಗೆ ಬರುತ್ತದೆ. ಗೂಳಿಗೆ ಚೆಂಡು ತಾಗಿಸಿದ ಆಟಗಾರನಿಗೆ ಮಾಂಸದೂಟ, ಕೆಳಗಿನ ಹುಲ್ಲಿಗೆ ತಾಗಿಸಿದರೆ ಸಲಾಡ್ ಎಂದು ಫಲಕದಲ್ಲೇ ಬರೆದಿದೆ. ಸಸ್ಯಾಹಾರಿಗಳಾದ ನಾವು ಪ್ರತಿ ಸಲವೂ ಹುಲ್ಲಿನ ಪರವಾಗಿಯೇ ಕೂಗುತ್ತೇವೆ.

ಟ್ರಿಪಲ್-ಎಯಲ್ಲಿ ಎಸೆತ ಸ್ಟ್ರೈಕೋ ಅಲ್ಲವೋ ಎಂದು ಅಂಪೈರ್ ಕೊಟ್ಟ ತೀರ್ಪನ್ನು ಪ್ರಶ್ನಿಸಬಹುದು. ಬ್ಯಾಟರ್, ಪಿಚರ್, ಕ್ಯಾಚರ್ ಈ ಮೂವರಿಗೆ ಮಾತ್ರ ಆ ಹಕ್ಕು. ತಲೆ ಮುಟ್ಟಿಕೊಂಡರೆ ಸಾಕು. ದೊಡ್ಡ ಪರದೆಯ ಮೇಲೆ ಸ್ಟ್ರೈಕ್ ವಲಯದ ಚೌಕ ಮೂಡಿ, ಚೆಂಡು ಅದರ ಅಂಚನ್ನು ಸವರಿತೋ ಇಲ್ಲವೋ ಎಂದು ತೋರಿಸುವ ಆ ಎರಡು ಕ್ಷಣ ಇಡೀ ಮೈದಾನ ಉಸಿರು ಹಿಡಿಯುತ್ತದೆ. ಅಚ್ಚಾದ ಸ್ಕೋರ್ ಪುಸ್ತಕದಲ್ಲಿ ಇದಕ್ಕೆ ಚಿಹ್ನೆಯಿಲ್ಲ. ಮಗಳು ‘ತ’ ಎಂದು ಬರೆಯುತ್ತಾಳೆ, ತಲೆಯ ತ. ಪ್ರಶ್ನಿಸಿದವನು ಗೆದ್ದರೆ ಅದರ ಸುತ್ತ ಒಂದು ಸುತ್ತು.

ಈ ತಿಂಗಳ ನಿಜವಾದ ಪಾಠ ಬೇರೆ. ಬುಲ್ಸ್ ತಂಡದಲ್ಲಿ ಚಾಂಡ್ಲರ್ ಸಿಂಪ್ಸನ್ ಎಂಬ ಗಾಳಿಗಾಲಿನವನಿದ್ದ. ಹಿಂದಿನ ವರ್ಷ ಮೈನರ್ ಲೀಗ್‌ನಲ್ಲಿ 104 ಬೇಸ್ ಕದ್ದವನು (ಹೊಡೆತಕ್ಕೆ ಕಾಯದೆ, ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ ಓಡುವುದು). ಅವನು ಮೊದಲ ಬೇಸ್‌ನಲ್ಲಿ ನಿಂತರೆ ಸಾಕು, ಪಿಚರ್‌ನ ಕೈ ಬೆವರುತ್ತಿತ್ತು. ಮಗಳು ಅವನನ್ನು ತನ್ನವನನ್ನಾಗಿ ಮಾಡಿಕೊಂಡಿದ್ದಳು. ಏಪ್ರಿಲ್ 19ರಂದು ರೇಸ್ ಅವನನ್ನು ಕರೆಸಿಕೊಂಡಿತು. ಮುಂದಿನ ಸಲ ನಾವು ಹೋದಾಗ ಆ ಸಾಲಿನಲ್ಲಿ ಬೇರೆ ಹೆಸರು. ‘ಹೇಳದೆ ಕೇಳದೆ ಹೇಗೆ ಕರೆದುಕೊಂಡು ಹೋದರು?’ ಎಂದು ಅವಳ ತಕರಾರು. ಇಲ್ಲಿ ನಡೆಯುವುದೇ ಹಾಗೆ ಎಂದೆ. ಆಟಗಾರರಿಗೆ ಸಂಬಳ ಕೊಡುವುದು, ಯಾರು ಯಾವಾಗ ಎಲ್ಲಿ ಆಡಬೇಕೆಂದು ನಿರ್ಧರಿಸುವುದು ಮೇಜರ್ ಲೀಗ್ ತಂಡ. ಡರ್ಹಮ್‌ನವರ ಕೈಯಲ್ಲಿ ಇರುವುದು ಟಿಕೆಟ್, ತಿಂಡಿ, ಶುಕ್ರವಾರದ ಪಟಾಕಿ. ಸಂಬಳದ ಮಾತು ಬಂದಾಗ ಅದನ್ನೂ ಹೇಳಿದೆ: 2023ರ ಒಪ್ಪಂದದಲ್ಲಿ ಟ್ರಿಪಲ್-ಎ ಆಟಗಾರನ ಕನಿಷ್ಠ ವಾರ್ಷಿಕ ವೇತನ 35,800 ಡಾಲರ್‌ಗೆ ಏರಿತು, 2025ರಲ್ಲಿ ಮೇಜರ್ ಲೀಗ್‌ನ ಕನಿಷ್ಠ 7,60,000. ಒಂದು ಮೆಟ್ಟಿಲಿನ ಅಂತರ ಅಷ್ಟು. ಲೆಕ್ಕ ಹಾಕಿ ನೋಡಿದ ಮೇಲೆ ಅವಳ ಸಿಟ್ಟು ಸ್ವಲ್ಪ ಇಳಿಯಿತು.

ತಮಾಷೆಯೆಂದರೆ, 2024ರ ಅಕ್ಟೋಬರ್‌ನ ಮಿಲ್ಟನ್ ಚಂಡಮಾರುತಕ್ಕೆ ತನ್ನ ಮೈದಾನದ ಚಾವಣಿ ಹರಿದುಹೋಗಿ ರೇಸ್ ತಂಡವೇ 2025ರಲ್ಲಿ ಟ್ಯಾಂಪಾದ ಒಂದು ಮೈನರ್ ಲೀಗ್ ಮೈದಾನದಲ್ಲಿ ಆಡಬೇಕಾಯಿತು. ಬಡ್ತಿ ಸಿಕ್ಕಿ ಹೋದವನಿಗೆ ಅಲ್ಲಿ ಕಂಡ ಗ್ಯಾಲರಿ ಡರ್ಹಮ್‌ನದಕ್ಕಿಂತ ಅಷ್ಟೇನೂ ದೊಡ್ಡದಲ್ಲ.

ಮೇ

ಜೆಬ್ಯುಲನ್‌ನ ಕ್ಯಾರೊಲೈನಾ ಮಡ್‌ಕ್ಯಾಟ್ಸ್ ಏಣಿಯ ಕೆಳಗಿನ ಮೆಟ್ಟಿಲಿನ ತಂಡ: ಸಿಂಗಲ್-ಎ, ಮಿಲ್ವಾಕಿ ಬ್ರೂವರ್ಸ್‌ಗೆ ಸೇರಿದ್ದು. ಹದಿನೆಂಟರ ಆಸುಪಾಸಿನ ಹುಡುಗರು. ಡೊಮಿನಿಕನ್ ಗಣರಾಜ್ಯದ ಹೆಸೂಸ್ ಮಾಡೆಯನ್ನು ನೋಡಲೆಂದೇ ಹೋದೆವು. ಮೈನರ್ ಲೀಗ್‌ಗಳ ಅತ್ಯಂತ ಭರವಸೆಯ ಎಳೆಯ ಆಟಗಾರರ ಪಟ್ಟಿಗಳಲ್ಲಿ ಹೆಸರಿದ್ದವನು. ನಮ್ಮ ಪಕ್ಕದ ಸಾಲುಗಳು ಖಾಲಿ. ಬುಲ್‌ಪೆನ್ (ಪಿಚರ್‌ಗಳು ಕೈ ಬಿಸಿಮಾಡಿಕೊಳ್ಳುವ ಜಾಗ) ಬೇಲಿಯ ಬಳಿ ನಿಂತರೆ ಪಿಚರ್ ಎಸೆದ ಚೆಂಡು ಸುಯ್ಯೆನ್ನುವುದು ಕೇಳುತ್ತದೆ. ಶಾಲೆಯಲ್ಲಿ ಕಲಿಯುತ್ತಿರುವ ಸ್ಪ್ಯಾನಿಶ್‌ನಲ್ಲಿ ಮಗಳು ಒಬ್ಬ ಪಿಚರ್‌ಗೆ ಶುಭ ಹಾರೈಸಿದಳು. ಅವನು ನಕ್ಕು ಏನೋ ಉದ್ದವಾಗಿ ಹೇಳಿದ. ಇವಳಿಗೆ ಅರ್ಧವೂ ಅರ್ಥವಾಗಲಿಲ್ಲ, ಆದರೆ ಮನೆಗೆ ಬಂದು ತಾಯಿಗೆ ಪೂರ್ತಿ ವರದಿ ಒಪ್ಪಿಸಿದಳು.

ಅದೇ ತಿಂಗಳು ಡರ್ಹಮ್‌ನ ನೀಲಿ ಗೋಡೆಯ ಮುಂದೆಯೇ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಕೂಟ) ಪಂದ್ಯಾವಳಿ ನಡೆಯಿತು. ಈ ವರ್ಷದಿಂದ ಹದಿನಾರು ತಂಡಗಳು, ಒಮ್ಮೆ ಸೋತರೆ ಮನೆಗೆ. ಅದೇ ಆಸನ, ಅದೇ ಗೂಳಿ, ಜನ ಮಾತ್ರ ಬೇರೆ. ಬುಲ್ಸ್ ಪಂದ್ಯದಲ್ಲಿ ಏಳನೇ ಇನಿಂಗ್ಸ್ ಹೊತ್ತಿಗೆ ಸ್ಕೋರ್ ಎಷ್ಟೆಂದು ಕೇಳಿದರೆ ಅಕ್ಕಪಕ್ಕದವರು ಫಲಕದ ಕಡೆಗೆ ತಿರುಗಿ ನೋಡುತ್ತಾರೆ. ಇಲ್ಲಿ ಅಜ್ಜಂದಿರು ಎರಡು ಸ್ಟ್ರೈಕ್ ಆದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ನಮ್ಮ ಹಿಂದೆ ಕೂತಿದ್ದ ಒಬ್ಬ ಪಿಚರ್‌ನ ತಾಯಿ ಮಗ ಎಸೆಯುವಾಗ ಕಣ್ಣು ಮುಚ್ಚಿಕೊಂಡು, ಜನ ಕೂಗಿದ ರೀತಿಯಿಂದ ಫಲಿತಾಂಶ ತಿಳಿದುಕೊಳ್ಳುತ್ತಿದ್ದರು. ಆಟವನ್ನು ಹೇಗೆ ನೋಡಬೇಕೆಂದು ಮಗಳಿಗೆ ಕಲಿಸಿದ್ದು ಮೈನರ್ ಲೀಗ್. ಸೋತರೆ ನಿದ್ದೆಗೆಡುವುದನ್ನು ಕಲಿಸಿದ್ದು ಕಾಲೇಜು. ಬುಲ್ಸ್ ಸೋತ ರಾತ್ರಿ ಅವಳು ಕಾರಿನಲ್ಲೇ ಗೊರಕೆ ಹೊಡೆಯುತ್ತಾಳೆ. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ ಕ್ಲೆಮ್‌ಸನ್ ವಿರುದ್ಧ 14–4ರಿಂದ ಫೈನಲ್ ಗೆದ್ದ ಮೇಲೆ ಮಾತ್ರ ಮನೆ ತಲುಪುವವರೆಗೂ ಬಾಯಿ ಮುಚ್ಚಲಿಲ್ಲ.

ಜೂನ್

ಚಾಪೆಲ್ ಹಿಲ್‌ನ ಸೂಪರ್ ರೀಜನಲ್‌ಗೆ (ಕಾಲೇಜು ವಿಶ್ವ ಸರಣಿಗೆ ಮುಂಚಿನ, ಎರಡು ತಂಡಗಳ ಮೂರು ಪಂದ್ಯಗಳ ಸುತ್ತು) ಟಿಕೆಟ್ ಸಿಗಲಿಲ್ಲ. ಟಿವಿ ನೋಡಿ ಬರೆದ ಸ್ಕೋರ್ ಲೆಕ್ಕಕ್ಕಿಲ್ಲ ಎಂಬುದು ಅವಳದೇ ನಿಯಮ. ನಾರ್ತ್ ಕ್ಯಾರೊಲೈನಾಕ್ಕೆ ಅರಿಜೋನಾ ವಿರುದ್ಧ ಮೊದಲ ಪಂದ್ಯ 18–2ರ ಗೆಲುವು, ಎರಡನೆಯದು ಸೋಲು. ಮೂರನೆಯದರಲ್ಲಿ 4–3ರ ಸೋಲು; ಓಮಹಾದ ಕಾಲೇಜು ವಿಶ್ವ ಸರಣಿಯ ಬಾಗಿಲವರೆಗೆ ಹೋಗಿ ವಾಪಸು. ಆ ರಾತ್ರಿ ಊಟಕ್ಕೆ ಕರೆದರೆ ಬರಲಿಲ್ಲ. ಮಾವಿನಹಣ್ಣಿನ ಸೀಕರಣೆಯೂ ಕೆಲಸ ಮಾಡಲಿಲ್ಲ.

ಜುಲೈ–ಆಗಸ್ಟ್

ಹೆಸೂಸ್ ಮಾಡೆ ಒಂದು ಮೆಟ್ಟಿಲು ಮೇಲಿನ ವಿಸ್ಕಾನ್ಸಿನ್ ತಂಡಕ್ಕೆ ಹೋದ. ಮಗಳು ತಕರಾರು ಮಾಡಲಿಲ್ಲ. ಹೆಸರಿನ ಪಕ್ಕ ಒಂದು ಮೇಲ್ಮುಖದ ಬಾಣ ಹಾಕಿದಳು.

ಡರ್ಹಮ್‌ನ ಪುಟಗಳು ಈ ಹೊತ್ತಿಗೆ ಗೀಚಾಟದಿಂದ ತುಂಬಿವೆ. ಭುಜದ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ಕೊರಿಯಾದ ಶಾರ್ಟ್‌ಸ್ಟಾಪ್ ಕಿಮ್ ಹಾ-ಸಂಗ್, ಜುಲೈನಲ್ಲಿ ರೇಸ್ ಸೇರುವ ಮೊದಲು ಕೈ ಪಳಗಿಸಿಕೊಳ್ಳಲು ಇಲ್ಲಿಗೆ ಬಂದಿದ್ದ. ಹೀಗೆ ಬರುವ ದೊಡ್ಡ ಆಟಗಾರರು ತಂಡಕ್ಕೆಲ್ಲ ಒಳ್ಳೆಯ ಊಟ ಹಾಕಿಸುವುದು ಮೈನರ್ ಲೀಗ್‌ನ ಹಳೆಯ ಪದ್ಧತಿ. ಅದೇ ತಂಡದಲ್ಲಿ ಕಾರ್ಸನ್ ವಿಲಿಯಮ್ಸ್ ಎಂಬ ಎಳೆಯ ಶಾರ್ಟ್‌ಸ್ಟಾಪ್ ಸರದಿಗಾಗಿ ಕಾಯುತ್ತಿದ್ದ. ಆಗಸ್ಟ್‌ನಲ್ಲಿ ಕಿಮ್‌ಗೆ ಬೆನ್ನುನೋವು ಬಂತು, ವಿಲಿಯಮ್ಸ್‌ಗೆ ಕರೆ ಬಂತು. ಸುಮಾರು ಹತ್ತು ದಿನ ಕಳೆಯುವಷ್ಟರಲ್ಲಿ ರೇಸ್ ಕಿಮ್‌ನನ್ನು ಬಿಟ್ಟುಕೊಟ್ಟಿತು, ಅಟ್ಲಾಂಟಾ ಎತ್ತಿಕೊಂಡಿತು. ಒಂದೇ ಪುಸ್ತಕದಲ್ಲಿರುವ ಇಬ್ಬರು ‘6’ಗಳ ಕತೆ ಇದು. ಮಗಳು ಅಟ್ಲಾಂಟಾಗೊಂದು ಅಡ್ಡ ಬಾಣ ಎಳೆದಿದ್ದಾಳೆ. ಬಾಣಗಳಿಗೆ ಜಾಗ ಸಾಲದೆ ಈಗ ಅಂಚಿನಲ್ಲಿ ಚೀಟಿ ಅಂಟಿಸುತ್ತಿದ್ದೇವೆ.

ಸೆಪ್ಟೆಂಬರ್

ಜೆಬ್ಯುಲನ್‌ನ ಮೈದಾನದಲ್ಲಿ ಮಡ್‌ಕ್ಯಾಟ್ಸ್‌ಗೆ ಇದೇ ಕೊನೆಯ ಋತು. 1991ರ ಆ ಮೈದಾನ ಮೇಜರ್ ಲೀಗ್ ಈಗ ವಿಧಿಸಿರುವ ಸೌಕರ್ಯಗಳ ಮಾನದಂಡಕ್ಕೆ ಹೊಂದುವುದಿಲ್ಲವಂತೆ. ತಂಡ ಪೂರ್ವಕ್ಕಿರುವ ವಿಲ್ಸನ್ ಊರಿನ ಹೊಸ ಮೈದಾನಕ್ಕೆ ಹೊಸ ಹೆಸರಿನೊಂದಿಗೆ ಹೋಗುತ್ತಿದೆ. ಬಟ್ಟೆ ಬದಲಾಯಿಸುವ ಕೋಣೆ, ವ್ಯಾಯಾಮಶಾಲೆ ಹುಡುಗರಿಗೆ ಬೇಕು, ಒಪ್ಪುತ್ತೇನೆ. ಆದರೆ ಆಟಗಾರರು ಹೋಗುವುದಕ್ಕೆ ಒಗ್ಗಿಕೊಂಡ ಊರಿಗೆ ತಂಡವೇ ಹೋಗುವುದು ಬೇರೆ ಪೆಟ್ಟು. ಬೇಲಿಯ ಬಳಿ ಇಷ್ಟು ಸಲೀಸಾಗಿ ನಿಲ್ಲಲು ವಿಲ್ಸನ್‌ನಲ್ಲೂ ಬಿಡುತ್ತಾರೆಯೇ ನೋಡಬೇಕು.

ಮುಂದಿನ ವರ್ಷದ ಪಟ್ಟಿಗೆ ವಿಲ್ಸನ್ ಸೇರಿದೆ, ಜೊತೆಗೆ ಗ್ರೀನ್ಸ್‌ಬರೊ. ಅಲ್ಲಿನ ಗ್ರಾಸ್‌ಹಾಪರ್ಸ್ ತಂಡ ನೆಲಕ್ಕೆ ಬಿದ್ದ ಬ್ಯಾಟ್ ಎತ್ತಿ ತರಲು ನಾಯಿಗಳನ್ನು ಪಳಗಿಸಿ ಹೆಸರಾದದ್ದು. ನಾಯಿಗೂ ಸ್ಕೋರ್ ಪುಸ್ತಕದಲ್ಲಿ ಒಂದು ಸಂಖ್ಯೆ ಬೇಡವೇ ಎಂಬ ಚರ್ಚೆ ನಡೆಯುತ್ತಿದೆ. 10 ಕೊಡೋಣ ಎಂದು ಮಗಳ ಪಟ್ಟು. ಅಂಪೈರ್‌ಗೇ ಇಲ್ಲದ ಸಂಖ್ಯೆ ನಾಯಿಗೇಕೆ ಎಂದು ನನ್ನದು.