ಬಿಲ್ಲು ಬಾಗಿದರೆ ಆಟ ನಿಲ್ಲುತ್ತದೆ

ರಿಯೋದಲ್ಲಿ ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. ಅದರ ಬಗ್ಗೆ ಹೊಸದಾಗಿ ಹೇಳುವಂಥದ್ದು ಏನೂ ಇಲ್ಲ. ಬ್ರೆಜಿಲ್ ನನ್ನನ್ನು ಹಿಡಿದು ನಿಲ್ಲಿಸಿದ್ದು ಈಶಾನ್ಯ ಕರಾವಳಿಯ ಸಾಲ್ವಡಾರ್‌ನಲ್ಲಿ, ಕಪೊಯೆರಾ ನೋಡಿದಾಗ. ಹಾಡು, ವಾದ್ಯದ ಜೊತೆ ಆಡುವ ಹೊಡೆದಾಟ ಅದು, ನೋಡಲು ಕುಣಿತದಂತೆ.

1549ರಿಂದ 1763ರವರೆಗೆ ಪೋರ್ಚುಗೀಸರ ಬ್ರೆಜಿಲ್‌ಗೆ ಈ ಊರೇ ರಾಜಧಾನಿ. ಆಫ್ರಿಕಾದಿಂದ ಹಿಡಿದು ತಂದ ಲಕ್ಷಾಂತರ ಜನರನ್ನು ಈ ಕರಾವಳಿಯಲ್ಲಿ ಇಳಿಸಿದರು. ಗುಲಾಮರನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದ ಪೆಲೊರಿನೊ ಈಗ ಬಣ್ಣದ ಮನೆಗಳ ಬೀದಿ. ಅದರ ಆಸುಪಾಸಿನ ಒಂದು ಚೌಕದಲ್ಲಿ ಹುಡುಗರು ಪ್ರವಾಸಿಗರಿಗಾಗಿ ಕಪೊಯೆರಾ ಆಡುತ್ತಾ ಪಲ್ಟಿ ಹೊಡೆಯುತ್ತಿದ್ದರು. ನಾವು ಫೋನ್ ಎತ್ತಿದ್ದೇ ತಡ, ಒಬ್ಬ ಬಂದು ದುಡ್ಡು ಕೇಳಿದ. ಕೊಟ್ಟೆವು. ಆಮೇಲೆ ಇನ್ನೊಬ್ಬ ಬಂದ. ಅವನು ಕೇಳಿದ್ದು ನಮ್ಮ ಮಧ್ಯಾಹ್ನದ ಊಟದ ಬಿಲ್ಲಿಗಿಂತ ಜಾಸ್ತಿ! ಹೋಗುವವರು ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ, ಜೇಬಲ್ಲಿ ಚಿಲ್ಲರೆ ಇಟ್ಟುಕೊಳ್ಳಿ. ದುಡ್ಡು ಹೋಗಲಿ, ಆಡುತ್ತಿದ್ದ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇರಲಿಲ್ಲ. ಇಬ್ಬರ ಕಣ್ಣೂ ನಮ್ಮ ಮೇಲೆ.

ಸಂಜೆ ಸಾಂತೊ ಆಂಟೋನಿಯೊ ಕೋಟೆಗೆ ಹೋದೆವು. ಬಿಳಿ ಗೋಡೆಯ ಈ ಕೋಟೆ ಒಂದು ಕಾಲಕ್ಕೆ ಜೈಲಾಗಿತ್ತು. ಈಗ ಕಪೊಯೆರಾ ಕೋಟೆ ಅಂತಲೇ ಹೆಸರು. ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿದ್ದು 1888ರಲ್ಲಿ. ಎರಡೇ ವರ್ಷಕ್ಕೆ, 1890ರಲ್ಲಿ, ಬೀದಿಯಲ್ಲಿ ಕಪೊಯೆರಾ ಆಡಿದವರಿಗೆ ಎರಡರಿಂದ ಆರು ತಿಂಗಳು ಜೈಲು ಅಂತ ಕಾನೂನು ಬಂತು. ಜೈಲಿದ್ದ ಜಾಗದಲ್ಲೇ ಈಗ ಪಾಠ ನಡೆಯುತ್ತದೆ.

ಒಳಗೆ ಒಂದು ಕೋಣೆಯಲ್ಲಿ ಎಲ್ಲರೂ ಸುತ್ತಲೂ ಕೂತಿದ್ದರು. ಈ ಸುತ್ತಿಗೆ ರೋಡಾ ಅನ್ನುತ್ತಾರೆ. ಒಂದು ಬದಿಯಲ್ಲಿ ಮೂರು ಬೆರಿಂಬಾವು. ಬಿಲ್ಲಿನಂಥ ಕೋಲು, ಅದಕ್ಕೆ ಬಿಗಿದ ಉಕ್ಕಿನ ತಂತಿ, ಕೆಳಗೆ ಒಣಗಿದ ಸೋರೆ ಬುರುಡೆ. ದಪ್ಪ ದನಿಯದ್ದು ಗುಂಗಾ, ನಡುವಿನದ್ದು ಮೆಡಿಯೊ, ಸಣ್ಣ ದನಿಯದ್ದು ವಿಯೋಲಾ. ಗುಂಗಾ ಹಿಡಿದ ಹಿರಿಯರು ಒಬ್ಬರೇ ಹಾಡತೊಡಗಿದರು. ಆಡಬೇಕಾದ ಇಬ್ಬರು ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಕೇಳುತ್ತಿದ್ದರು. ಎಲ್ಲರೂ ದನಿಗೂಡಿಸಿದ ಮೇಲೆಯೇ ಇಬ್ಬರೂ ಕೈ ಊರಿ ವೃತ್ತದೊಳಗೆ ಜಾರಿದರು.

ಎಷ್ಟು ನಿಧಾನ! ಮೈ ನೆಲಕ್ಕೆ ಅಂಟಿದಂತಿತ್ತು. ಒಬ್ಬಳ ಕಾಲು ಇನ್ನೊಬ್ಬನ ಕಿವಿಯ ಪಕ್ಕದಲ್ಲೇ ಸುಳಿಯಿತು. ಅವನು ತಡೆಯಲಿಲ್ಲ, ಅದರ ಕೆಳಗಿಂದಲೇ ನುಸುಳಿ ಅವಳ ಹೊಟ್ಟೆಗೆ ತಲೆ ತಂದು ನಿಲ್ಲಿಸಿದ. ಗುದ್ದಲಿಲ್ಲ. ಗುದ್ದಬಹುದಿತ್ತು ಅಂತ ತೋರಿಸಿದ, ಅಷ್ಟೇ. ಅವಳು ನಕ್ಕಳು. ಆಮೇಲೆ ಸುಸ್ತಾದವಳಂತೆ ತೋಳು ಚಾಚಿ ನಿಂತಳು, ಅವನು ಹತ್ತಿರ ಬಂದ, ಕಾಲು ಎಳೆದು ಬೀಳಿಸಿಯೇ ಬಿಟ್ಟಳು! ಅವನ ಮುಖ ಸ್ವಲ್ಪ ಗಂಟಾಯಿತು, ಆಟ ಬಿರುಸಾಯಿತು. ಹಾಡುತ್ತಿದ್ದವರು ಏನೂ ಅನ್ನಲಿಲ್ಲ. ಗುಂಗಾದ ತುದಿಯನ್ನು ಇಬ್ಬರ ನಡುವೆ ಬಗ್ಗಿಸಿದರು. ಇಬ್ಬರೂ ತಕ್ಷಣ ನಿಲ್ಲಿಸಿ ವಾಪಸ್ ಬಂದು ಕುಕ್ಕರಿಸಿದರು. ಜಗಳದ ಲಗಾಮು ವಾದ್ಯದವರ ಕೈಯಲ್ಲಿರುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಮುಗಿದ ಮೇಲೆ ಮೆಡಿಯೊ ನುಡಿಸುತ್ತಿದ್ದ ಬಿಳಿಗಡ್ಡದವರು ಮಾತಿಗೆ ಸಿಕ್ಕರು. ಬಂದರಿನ ಕೆಲಸದಲ್ಲಿ ಇಂಗ್ಲಿಷ್ ಕಲಿತವರು. ಗುಲಾಮರು ಯಜಮಾನರಿಗೆ ಗೊತ್ತಾಗದಿರಲಿ ಅಂತ ಹೊಡೆದಾಟಕ್ಕೆ ಕುಣಿತದ ವೇಷ ಹಾಕಿದರಂತೆ, ಹೌದಾ ಅಂತ ಕೇಳಿದೆ. ಗೈಡ್‌ಗಳೆಲ್ಲ ಹೇಳುವ ಕಥೆ ಅದು. ಅವರು ನಕ್ಕರು. "1835ರಲ್ಲಿ ಅಚ್ಚಾದ, ಜರ್ಮನ್ ಚಿತ್ರಕಾರ ರುಗೆಂಡಾಸ್‌ನ ಚಿತ್ರ ನೋಡಿ. ಅದರಲ್ಲಿ ಕಪೊಯೆರಾ ಇದೆ, ಡೋಲು ಇದೆ, ಬೆರಿಂಬಾವು ಎಲ್ಲಿದೆ?" ಇವತ್ತಿನ ವಾದ್ಯವೇ ಆ ಚಿತ್ರದಲ್ಲಿಲ್ಲ, ಕಥೆ ಚಂದ ಇದೆ, ಪುರಾವೆ ಕಮ್ಮಿ ಅಂದರು. ಪೊಲೀಸರದ್ದು ಮಾತ್ರ ಕಥೆಯಲ್ಲವಂತೆ. ಕುದುರೆ ಪೊಲೀಸರು ಬಂದರೆ ಎಚ್ಚರಿಸಲು ಇದ್ದ ಮಟ್ಟು ಕವಲಾರಿಯಾ. ಅದನ್ನು ನುಡಿಸಿಯೂ ತೋರಿಸಿದರು.

ಮಾತು ಇಬ್ಬರು ಗುರುಗಳ ಮೇಲೆ ಬಂದು ಅಲ್ಲೇ ಕೂತಿತು. ಮೆಸ್ತ್ರೆ ಬಿಂಬಾ 1930ರ ದಶಕದಲ್ಲಿ ಇಲ್ಲಿ ಶಾಲೆ ತೆರೆದರು. ಆಟಕ್ಕೆ ವೇಗ ಕೊಟ್ಟರು, ಹೊಡೆತ ಸೇರಿಸಿದರು, ಪಾಠದ ಕ್ರಮ ಮಾಡಿದರು. ಅದೇ ರೆಜಿಯೊನಾಲ್ ಶೈಲಿ. 1937ರಲ್ಲಿ ಸರ್ಕಾರದ ಮಾನ್ಯತೆ ಸಿಕ್ಕಿತು, 1953ರಲ್ಲಿ ಅಧ್ಯಕ್ಷ ವರ್ಗಾಸ್ ಎದುರೇ ಪ್ರದರ್ಶನ ಕೊಟ್ಟರು. ಮೆಸ್ತ್ರೆ ಪಸ್ತಿನ್ಯಾ ಹಳೆಯ ದಾರಿ ಬಿಡಲಿಲ್ಲ. ನಾವು ಆಗಷ್ಟೇ ನೋಡಿದ ಅಂಗೋಲಾ ಶೈಲಿ ಅವರದ್ದು. 1941ರಲ್ಲಿ ಕಟ್ಟಿದ ಅವರ ಶಾಲೆ ಆಮೇಲೆ ಪೆಲೊರಿನೊಗೆ ಬಂತು. ರಿಪೇರಿ ಅಂತ ಅಲ್ಲಿಂದ ಎಬ್ಬಿಸಿದರು, ವಾಪಸ್ ಕೊಡಲೇ ಇಲ್ಲ. ಅಲ್ಲಿ ರೆಸ್ಟೋರೆಂಟ್ ಬಂತು. ಕಣ್ಣು ಹೋಗಿ, ಬಡತನದಲ್ಲೇ 1981ರಲ್ಲಿ ತೀರಿಕೊಂಡರು. ಇದನ್ನು ಹೇಳುವಾಗ ಆ ಬಿಳಿಗಡ್ಡದವರ ದನಿ ಏರಿತು. ಕಪೊಯೆರಾ 2014ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿತಲ್ಲ ಅಂದೆ. "ಪಸ್ತಿನ್ಯಾಗೆ ಊಟ ಬೇಕಿತ್ತು" ಅಂದರು. ನನಗೆ ಮಾತೇ ಹೊರಡಲಿಲ್ಲ.

ರಾತ್ರಿ ರಸ್ತೆಬದಿಯಲ್ಲಿ ಅಕರಾಜೆ ತಿಂದೆವು. ಅಲಸಂದೆ ಹಿಟ್ಟನ್ನು ತಾಳೆ ಎಣ್ಣೆಯಲ್ಲಿ ಕರಿದದ್ದು, ನಮ್ಮ ವಡೆಯ ದೊಡ್ಡಣ್ಣ. ಒಳಗೆ ತುಂಬಿದ ಸೀಗಡಿ ಬೇಡ ಅಂದರೆ ತೆಗೆದು ಕೊಡುತ್ತಾರೆ. ನನ್ನ ಓಟು ಅಂಗೋಲಾಕ್ಕೆ, ರೆಜಿಯೊನಾಲ್ ವಿಡಿಯೊಗಳಲ್ಲಿ ನನಗೆ ಕಸರತ್ತೇ ಜಾಸ್ತಿ ಕಾಣುತ್ತದೆ ಅಂದೆ. ಗೆಳೆಯ ಒಪ್ಪಲಿಲ್ಲ. ಬಿಂಬಾ ಆಗ ಸರ್ಕಾರದ ಬಾಗಿಲು ತಟ್ಟದಿದ್ದರೆ, ಇವತ್ತು ನಿನ್ನ ಅಂಗೋಲಾದವರಿಗೆ ಆ ಕೋಟೆಯಲ್ಲಿ ಕೋಣೆ ಯಾರು ಕೊಡುತ್ತಿದ್ದರು ಅಂತ ಕೇಳಿದ. ಪಸ್ತಿನ್ಯಾ ಕೋಣೆ ಕಿತ್ತುಕೊಂಡದ್ದು ಯಾರು ಅಂತ ನಾನೂ ಕೇಳಿದೆ. ಖಾರ ಜಾಸ್ತಿಯಾಗಿ ಇಬ್ಬರೂ ನೀರು ಹುಡುಕಿಕೊಂಡು ಹೊರಟೆವು.