ಮೋರೇರ ಮನೆಗೆ ಹೋಗಿ ಬಂದೆವು

ಹಿರೇಬೆಣಕಲ್‌ಗೆ ಹೋಗಿ ‘ಆದಿಕಾಲದ ಸಮಾಧಿಗಳು ಎಲ್ಲಿವೆ’ ಅಂತ ಕೇಳಿದರೆ ಯಾರಿಗೂ ಅರ್ಥವಾಗಲಿಲ್ಲ. ಕಟ್ಟೆ ಮೇಲೆ ಕೂತಿದ್ದ ಅಜ್ಜ ನಕ್ಕರು. “ಮೋರೇರ ಗುಡ್ಡ ಏನ್ರೀ? ಹಂಗ ಕೇಳ್ರಿ ಮತ್ತ!”

ಗಂಗಾವತಿಯಿಂದ ಹತ್ತು ಕಿಲೋಮೀಟರ್ ದೂರದ ಊರಿದು. ಅಲ್ಲಿಂದ ಮುಂದೆ ನಡಿಗೆಯೇ. ಬೆಳಿಗ್ಗೆ ಬೇಗ ಹೊರಟರೂ ಅರ್ಧ ದಾರಿಗೇ ಬಂಡೆ ಕಾದಿತ್ತು. ಇಬ್ಬರಿಗೆ ಒಂದೇ ಬಾಟಲಿ ನೀರು ತಂದ ಜಾಣತನ ನನ್ನದೇ. ನೆರಳು ಹುಡುಕಿ ಬಂಡೆಯ ಕೆಳಗೆ ನುಗ್ಗಿದರೆ ತಲೆ ಮೇಲೆ ಕೆಂಪು ಬಣ್ಣದ ಚಿತ್ರಗಳು.

ಮೇಲೆ ಹತ್ತಿದರೆ ಊರೇ ಇದ್ದ ಹಾಗಿದೆ. ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು. ಕೆಲವು ಮೊಣಕಾಲೆತ್ತರ, ಕೆಲವು ನನಗಿಂತ ಎತ್ತರ. ಸುಮಾರು 400 ಇವೆಯಂತೆ. ಕ್ರಿ.ಪೂ. 800ರಿಂದ 200ರ ನಡುವೆ ಕಟ್ಟಿದವು. ಕೆಲವುಗಳಿಗೆ ಗುಂಡಗೆ ಕೊರೆದ ಕಿಂಡಿಯಿದೆ. ತಲೆ ತೂರಿಸಿದೆ. ಒಳಗೆ ತಂಪು, ಒಂದಿಷ್ಟು ಆಡಿನ ಹಿಕ್ಕೆ, ಅಷ್ಟೇ. ಆದರೆ ಆ ಕಿಂಡಿಯ ಅಂಚನ್ನು ಸವರಿ ನೋಡಬೇಕು. ಗ್ರಾನೈಟಿನಲ್ಲಿ ಅಷ್ಟು ದುಂಡಗೆ ಕೊರೆಯಲು ಎಷ್ಟು ದಿನ ಕುಟ್ಟಿರಬೇಕು! ಅದೂ ಸತ್ತವರಿಗಾಗಿ.

ಕಲ್ಲು ತಂದಿದ್ದೂ ದೂರದಿಂದಲ್ಲ. ಅಲ್ಲೇ ಎಬ್ಬಿಸಿದ್ದು. ಹಾಗೆ ಎಬ್ಬಿಸಿದ ಜಾಗದಲ್ಲಿ ನೀರು ನಿಂತು ಕೆರೆಯಾಗಿದೆ. ಅದರ ದಡದಲ್ಲಿ ಕುರಿ ಕಾಯುವವನೊಬ್ಬ ಸಿಕ್ಕ. ಇವು ಗೋರಿ ಅಂದರೆ ಒಪ್ಪಲೇ ಇಲ್ಲ. ಮೋರೇರು ಅಂದ್ರೆ ಗಿಡ್ಡ ಮನುಷ್ಯರು, ಅವರ ಮನೆಗಳಿವು, ಅದಕ್ಕೇ ಬಾಗಿಲು ಸಣ್ಣದು ಅಂದ. ಅವನ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ, ಅಲ್ವಾ?

ಕೆಲವು ಮನೆಗಳ ಚಪ್ಪಡಿ ಮುರಿದು ಬಿದ್ದಿದೆ. “ನಿಧಿ ಐತಂತ ಅಗೀತಾರ್ರೀ” ಅಂದ ಬೇಸರದಿಂದ. ಪುರಾತತ್ವ ಇಲಾಖೆ ರಕ್ಷಿಸಿದ ಜಾಗ, 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಗುದ್ದಲಿ ಹಿಡಿದು ಬರುವವನಿಗೆ ಅದೆಲ್ಲ ಯಾಕೆ ಬೇಕು?

ಎತ್ತರದ ಬಂಡೆಯ ನೆತ್ತಿಯಲ್ಲಿ ನಗಾರಿಯಂಥ ಕಲ್ಲೊಂದಿದೆ. ಬಡಿದರೆ ಒಂದು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದಂತೆ. ಹತ್ತುವ ಧೈರ್ಯ ಬರಲಿಲ್ಲ. ಕೆಳಗೆ ನಿಂತು ಸುಮ್ನೆ ನೋಡಿದೆವು.

ಸಂಜೆ ಗಂಗಾವತಿಯಲ್ಲಿ ಚಹಾ ಅಂಗಡಿಯವನು ನಮ್ಮ ಧೂಳು ಬಟ್ಟೆ ನೋಡಿ ಕೇಳಿದ: “ಮೋರೇರ ಮನಿಗೆ ಹೋಗಿದ್ರೇನ್ರೀ? ಯಾರರ ಇದ್ರಾ?”